ನಿನ್ನ ಮೇಜಿಗೆ ಬಂದು ಕೂತವಳು

ಗೋಕಾಕ,
೧೭ ಸೆಪ್ಟೆಂಬರ್ ೨೦೦೮, ಬುಧವಾರ

ಚಿರಂಜೀವಿ ಪ್ರತೀಕನಿಗೆ ನಿನ್ನ ಅಕ್ಕನ ಆಶೀರ್ವಾದ.

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಯಾರದೆಂದು ನಿನಗೆ ತಿಳಿದಿರುತ್ತದೆ. ತೆರೆಯದೆ ಇಟ್ಟುಬಿಟ್ಟೀಯ ಎಂಬ ಹೆದರಿಕೆಯಿಂದ, ನೀನು ಓದಿ ಮುಗಿಸುವವರೆಗೂ ಬಾಜೂಕ ಕೂತಿರಪ್ಪಾ ಎಂದು ನಿನ್ನ ಗೆಳೆಯ ದುರ್ಗೇಶನಿಗೆ ಫೋನಿನಲ್ಲಿ ಬೇಡಿಕೊಂಡಿದ್ದೇನೆ. ಎರಡೂವರೆ ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಆದರೆ ಈ ಎರಡೂವರೆ ವರ್ಷದಲ್ಲಿ ನಿನ್ನೊಡನೆ ಮಾತಾಡುತ್ತಿರುವುದು ಇದೇ ಮೊದಲಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಿನ್ನೆ ಬಸದಿಯಲ್ಲಿ ಕ್ಷಮಾವಣಿ ಆಯಿತು. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದರು. ನಾನೂ ನಲವತ್ತು ಮಂದಿಗೆ ಕೈಮುಗಿದೆ. ಅವರಲ್ಲಿ ಒಬ್ಬರಿಗೂ ನಾನು ತಪ್ಪು ಮಾಡಿದವಳಲ್ಲ.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದು ನೋಡುವುದು ನನಗೀಗ ರೂಢಿಯಾಗಿದೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

೨೦೦೬ರ ಮಾರ್ಚ್ ೨೭, ಸೋಮವಾರ. ಮೂಡಲಗಿಯ ನಮ್ಮ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ನನಗೆ ಮೇಲ್ವಿಚಾರಣೆಯ ಕೆಲಸ. ಏಳೂವರೆಯ ಬಸ್ಸಿಗೆ ಹೊರಟೆ. ಅಪ್ಪ ಪಡಸಾಲೆಯ ಮಂಚದ ಮೇಲಿದ್ದರು. ಹಿಂದಿನ ದೀಪಾವಳಿಯಲ್ಲಿ ಒಮ್ಮೆ ಹೃದಯಾಘಾತವಾಗಿದ್ದರಿಂದ ನಾವಿಬ್ಬರೂ ಅವರನ್ನು ಒಬ್ಬರನ್ನೇ ಬಿಡುತ್ತಿರಲಿಲ್ಲ. ನೀನು ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಇದ್ದೆ. ಅಮೆರಿಕದಲ್ಲಿ ಅದು ಇನ್ನೂ ರವಿವಾರ, ಇಂಟರ್ನೆಟ್ಟಿನಲ್ಲಿ ವಾರದ ದೊಡ್ಡ ಪೋಕರ್ ಇಸ್ಪೀಟು ಪಂದ್ಯದ ದಿನ. ನಸುಕಿನಲ್ಲೇ ಎದ್ದು ಕೂತಿದ್ದ ನೀನು ಸಾವಿರಾರು ಮಂದಿಯಲ್ಲಿ ಕೊನೆಯ ಅರವತ್ತು ಜನರ ಪೈಕಿ ಉಳಿದಿದ್ದೆ. ನಾನು ಬಾಗಿಲಲ್ಲಿ ನಿಂತು ಹತ್ತು ಗಂಟೆಗೆ ಗುಳಿಗೆ ಕೊಡು ಎಂದೆ. ನೀನು ತಿರುಗಿ ನೋಡದೆ ಹೂಂ ಅಂದೆ. ಹನ್ನೊಂದಕ್ಕೆ ಪಕ್ಕದ ಮನೆಯ ಕಮಲಾಬಾಯಿ ಕಾಕು ಮಜ್ಜಿಗೆ ತಂದಾಗ ಅಪ್ಪ ಮಂಚದಿಂದ ಕೆಳಗೆ ಬಿದ್ದಿದ್ದರು. ಮೈ ತಣ್ಣಗಾಗಿತ್ತು. ನೀನು ಇನ್ನೂ ಆಡುತ್ತಿದ್ದೆ.

ಸೂತಕ ಕಳೆದ ದಿನ, ಬಂದ ಬೀಗರೆಲ್ಲ ಊಟಕ್ಕೆ ಕೂತಿರುವಾಗ, ನಾನು ನಿನಗೆ ಅಂದ ಮಾತನ್ನು ಇಲ್ಲಿ ಬರೆಯಲೇಬೇಕು. "ಅಪ್ಪನ್ನ ನೀನ ಕೊಂದಿ. ಇಸ್ಪೀಟ ಎಲಿ ಆಡ್ಕೋತ ಕುಂತು ಕೊಂದಿ" ಅಂದೆ. ಅವ್ವ ಹೋದಾಗ ನಿನಗೆ ಆರು ವರ್ಷ, ನನಗೆ ಇಪ್ಪತ್ತು. ಅಂದಿನಿಂದ ನಿನಗೆ ತುತ್ತು ಕೊಟ್ಟ ಕೈಯನ್ನೇ ನಿನ್ನ ಮುಖದ ಮುಂದೆ ಹಿಡಿದು ಹಾಗಂದೆ. ನೀನು ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದೆ. ರಾವಸಾಹೇಬ ಮಾವ ನಿನ್ನ ಹಿಂದೆ ಬಸ್ ಸ್ಟ್ಯಾಂಡಿನ ತನಕ ಬಂದರಂತೆ. ನಾನು ಬರಲಿಲ್ಲ.

ಕಂಪ್ಯೂಟರಿಗೆ ಅಪ್ಪನ ಹಳೆಯ ಧೋತರ ಹೊದಿಸಿ ಕೋಣೆಯ ಬಾಗಿಲು ಹಾಕಿದೆ. ಜುಲೈ ತಿಂಗಳ ಒಂದು ರವಿವಾರ ತೆಗೆದೆ. ಆಡಬೇಕೆಂದಲ್ಲ. ಪಕ್ಕದ ಕೋಣೆಯಲ್ಲಿ ಹೆತ್ತ ತಂದೆ ಬಿದ್ದ ಸದ್ದೂ ಕೇಳದಷ್ಟು ಒಬ್ಬ ಮನುಷ್ಯನನ್ನು ಹಿಡಿದಿಡುವ ವಸ್ತು ಏನಿರಬಹುದು ಎಂದು ನೋಡಬೇಕಾಗಿತ್ತು. ನಿನ್ನ ಆಟದ ಹೆಸರು ಅಲ್ಲೇ ಉಳಿದಿತ್ತು: ಘಟಪ್ರಭಾ೮೨. ಆ ಹೆಸರನ್ನು ಹುಡುಕಿ ನೋಡುವ ಸೌಕರ್ಯವೂ ಅದರಲ್ಲಿತ್ತು. ಹುಡುಕಿದೆ. ನೀನು ಆ ಹೊತ್ತಿಗೆ ಒಂದು ಮೇಜಿನಲ್ಲಿ ಕೂತು ಆಡುತ್ತಿದ್ದೆ.

ಬದುಕಿದ್ದಾನೆ ಎಂಬ ಸಮಾಧಾನವಾಯಿತು. ಅದರ ಹಿಂದೆಯೇ, ಅಪ್ಪನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಗಿಲ್ಲ, ಮತ್ತೆ ಕೂತಿದ್ದಾನಲ್ಲ ಎಂದು ಸಿಟ್ಟು ಬಂತು. ನಿನ್ನೆದುರು ಕೂಡಬೇಕು ಅನ್ನಿಸಿತು. ಕೂತು ಏನು ಮಾಡಬೇಕೆಂದು ಆಗ ಗೊತ್ತಿರಲಿಲ್ಲ. ಆದರೆ ನಿನ್ನ ಮೇಜಿಗೆ ಬರಲು ಕೈಯಲ್ಲಿ ಬಿಲ್ಲೆ ಬೇಕು, ಬಿಲ್ಲೆಗೆ ಹಣ ಹಾಕಬೇಕು. ಜೂಜು ಸಪ್ತ ವ್ಯಸನಗಳಲ್ಲಿ ಮೊದಲನೆಯದು ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು ನಾನು. ಒಂದು ರೂಪಾಯಿಯನ್ನೂ ಹಾಕುವುದಿಲ್ಲ ಎಂದು ಅಂದೇ ಆಣೆ ಮಾಡಿಕೊಂಡೆ. ಪುಕ್ಕಟೆ ಪಂದ್ಯಗಳಿರುತ್ತವಲ್ಲ, ಮೂರು ನಾಲ್ಕು ಸಾವಿರ ಜನ ಕೂಡುವುದು, ಕೊನೆಯವರೆಗೆ ಉಳಿದ ಹತ್ತಿಪ್ಪತ್ತು ಮಂದಿಗೆ ಏನೋ ಚಿಲ್ಲರೆ ಸಿಗುವುದು. ಅಲ್ಲಿಂದ ಹತ್ತಬೇಕು. ಓಲ್ಡ್‌ಸ್ಲೇಟ್ ಎಂದು ಹೆಸರಿಟ್ಟುಕೊಂಡೆ.

ಹೌದು ಪ್ರತೀಕ. ಓಲ್ಡ್‌ಸ್ಲೇಟ್ ನಾನೇ. ನೀನು ಎಂಟು ತಿಂಗಳು 'ಸರ್' ಎಂದು ಕರೆದದ್ದು ನನ್ನನ್ನು.

ಇಷ್ಟು ಓದಿ ಕಾಗದ ಕೆಳಗಿಟ್ಟಿದ್ದರೆ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎತ್ತಿಕೋ.

ಮೊದಲ ನಾಲ್ಕು ತಿಂಗಳು ನಾನು ಎಲ್ಲರಿಗಿಂತ ಮೊದಲು ಹೊರಬೀಳುತ್ತಿದ್ದೆ. ಆಮೇಲೆ ಸಿಟ್ಟು ಬದಿಗಿಟ್ಟು ಗಣಿತದ ಮಾಸ್ತರಿಣಿಯಂತೆ ಕೂತೆ. ಐವತ್ತೆರಡು ಎಲೆಯಲ್ಲಿ ಎರಡೆರಡು ಹಿಡಿದರೆ ಒಂದು ಸಾವಿರದ ಮುನ್ನೂರ ಇಪ್ಪತ್ತಾರು ಜೋಡಿ. ಅವುಗಳಲ್ಲಿ ಹೆಚ್ಚಿನವು ಬರೇ ಆಸೆ ಹುಟ್ಟಿಸುವಂಥವು. ಹತ್ತು ಸಲ ಎಲೆ ಬಂದರೆ ಎಂಟು ಸಲ ಸುಮ್ಮನೆ ಕೆಳಗಿಡುವುದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಗಡಿಯಾರಕ್ಕೆ ಕೀಲಿ ಕೊಟ್ಟು, ಒಂದೂವರೆ ತಾಸು ಆಟ. ಗಂಟೆ ಹೊಡೆದರೆ ಎಂಥ ಚಲೋ ಎಲೆ ಇದ್ದರೂ ಅದೇ ಕೊನೆ. ಆಡಿದಷ್ಟೇ ಹೊತ್ತು ಸಂಜೆ ಓದು. ಇಂಟರ್ನೆಟ್ಟಿನಲ್ಲಿ ಯಾವ್ಯಾವುದೋ ದೇಶದ ಹುಡುಗರು ತಮ್ಮ ಆಟವನ್ನು ಬಿಡಿಸಿ ಬಿಡಿಸಿ ಬರೆದಿರುತ್ತಿದ್ದರು. ನಿಘಂಟು ಬಾಜೂಕಿಟ್ಟುಕೊಂಡು ಓದಿದೆ. ಕರೆಂಟು ಹೋದ ದಿನ ವಹಿಯಲ್ಲಿ ಲೆಕ್ಕ ಬಿಡಿಸಿದೆ.

ಆ ಹುಡುಗರಲ್ಲೊಬ್ಬ ಬರೆದಿದ್ದ ಪದ್ಧತಿ ನನ್ನನ್ನು ಹಿಡಿಯಿತು. ನಿನಗೆ ಅನುಮಾನ ಬಂದ ಆಟವನ್ನು ಬರೆದಿಡು, ಕೊನೆಗೆ ಯಾರು ಗೆದ್ದರು ಎಂಬುದನ್ನು ಕಾಗದದಿಂದ ಮುಚ್ಚು. ಆ ಗಳಿಗೆಯಲ್ಲಿ ನಿನಗೆ ಏನು ಗೊತ್ತಿತ್ತೋ ಅಷ್ಟರ ಮೇಲೆ ನೀನು ಮಾಡಿದ್ದು ಸರಿಯೋ ತಪ್ಪೋ ಎಂದು ನೋಡು ಎಂದಿದ್ದ. ಅಪ್ಪ ದಿನಾ ಸಂಜೆ ಚಾಪೆಯ ಮೇಲೆ ಕೂತು ಪ್ರತಿಕ್ರಮಣ ಮಾಡುತ್ತಿದ್ದರಲ್ಲ, ದಿನದ ತಪ್ಪುಗಳನ್ನು ತಾವೇ ತಮ್ಮೆದುರು ಹೇಳಿಕೊಳ್ಳುವುದು, ಹಾಗೆಯೇ ನಾನು ನನ್ನ ವಹಿ ತೆಗೆದು ಕೂಡುತ್ತಿದ್ದೆ. ಅವರು ಕೂಡುತ್ತಿದ್ದ ಜಾಗದಲ್ಲೇ. ಆದರೆ ಬಸದಿಯಲ್ಲಿ ಅಭಿಷೇಕದ ಗಂಧೋದಕ ಹಣೆಗೆ ಹಚ್ಚಿಕೊಳ್ಳಲು ಕೈ ಏಳುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುತ್ತಿದ್ದೆ.

ಒಮ್ಮೆ ಜಾರಿದೆ. ೨೦೦೭ರ ಫೆಬ್ರವರಿ. ಹಿಂದಿನ ದಿನ ಹೆಡ್‌ಮಾಸ್ತರರು ಎಲ್ಲರೆದುರು ಏನೋ ಅಂದಿದ್ದರು, ಆ ಸಿಟ್ಟಿನಲ್ಲೇ ಕೂತೆ. ಗಂಟೆ ಹೊಡೆದರೂ ಏಳಲಿಲ್ಲ. ತಿಂಗಳುಗಟ್ಟಲೆ ಕೂಡಿಸಿದ ಬಿಲ್ಲೆಯೆಲ್ಲ ಒಂದು ಮುಂಜಾನೆಯಲ್ಲಿ ಹೋಯಿತು. ಅಂದು ಒಂಬತ್ತನೆಯ ವರ್ಗದಲ್ಲಿ ಮಸಗುಪ್ಪಿಯಿಂದ ಬರುವ ಕಾಡವ್ವ ಎಂಬ ಹುಡುಗಿ ಬೋರ್ಡಿನ ಮೇಲೆ ಲೆಕ್ಕ ತಪ್ಪಿದಳು. ಕೆನ್ನೆಗೆ ಹೊಡೆದೆ. ಹದಿನೇಳು ವರ್ಷದ ನೌಕರಿಯಲ್ಲಿ ಹೊಡೆದವಳಲ್ಲ ನಾನು. ಆ ಹುಡುಗಿ ಅಳಲಿಲ್ಲ. "ಮತ್ತ ಮಾಡ್ತೇನ್ರಿ ಟೀಚರ್" ಅಂದು ಬೋರ್ಡು ಒರೆಸಿದಳು. ಅವತ್ತು ಬಸ್ಸಿನಲ್ಲಿ ಗೋಕಾಕಕ್ಕೆ ಬರುವವರೆಗೂ ನನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದೆ. ಮಾರನೆಯ ದಿನ ಆಕೆಯ ಕ್ಷಮೆ ಕೇಳಬೇಕಿತ್ತು. ಒಂದು ಪೆನ್ನು ಕೊಟ್ಟೆ, ಅಷ್ಟೇ. ಮತ್ತೆ ಪುಕ್ಕಟೆ ಪಂದ್ಯದಿಂದ ಶುರು ಮಾಡಿದೆ.

ಆ ವರ್ಷದ ಜೂನಿನಲ್ಲಿ ದುರ್ಗೇಶ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಹುಕ್ಕೇರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ ಅಂದ. ಅತ್ತ ಇತ್ತ ನೋಡಿ, "ಅಕ್ಕಾರ, ಪ್ರತೀಕ ನನ್ನ ಅಂಗಡಿ ಮ್ಯಾಲಿನ ಖೋಲ್ಯಾಗ ಅದಾನ್ರಿ. ನಾ ಹೇಳೇನಿ ಅಂತ ಹೇಳಬ್ಯಾಡ್ರಿ" ಅಂದ. ಹುಕ್ಕೇರಿ ಅಂದರೆ ಎಷ್ಟು ದೂರ, ಒಂದೂವರೆ ತಾಸಿನ ದಾರಿ. ಬಸ್ಸು ಅಲ್ಲೇ ನಿಂತಿತ್ತು. ಹತ್ತಲಿಲ್ಲ. ಹತ್ತಿ ಬಂದು ನಿನ್ನ ಬಾಗಿಲಲ್ಲಿ ನಿಂತು ಏನು ಹೇಳಬೇಕು ಎಂಬುದು ಹೊಳೆಯಲಿಲ್ಲ. ಮನೆಗೆ ಬಂದು ಗಡಿಯಾರಕ್ಕೆ ಕೀಲಿ ಕೊಟ್ಟೆ.

ನಿನ್ನ ಮೇಜಿಗೆ ಬಂದು ಕೂತದ್ದು ಆ ನವೆಂಬರಿನಲ್ಲಿ. ಒಂಬತ್ತು ಕುರ್ಚಿ, ನನ್ನದು ನಿನ್ನಿಂದ ಎರಡನೆಯದು. ನೀನು ಚೆನ್ನಾಗಿ ಆಡುತ್ತಿದ್ದೆ. ನನಗಿಂತ ಚುರುಕು. ಆಮೇಲೆ ಯಾರೋ ಒಬ್ಬ ದೈವಬಲದಿಂದ ನಿನ್ನ ದೊಡ್ಡ ರಾಶಿಯನ್ನು ಹೊಡೆದ. ಅಲ್ಲಿಂದ ನೀನು ಬೇರೆ ಮನುಷ್ಯನಾದೆ. ಚಿಕ್ಕವನಿದ್ದಾಗ ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡರೆ ಕವಡೆಯನ್ನೆಲ್ಲ ಬಳಿದು ಎಸೆಯುತ್ತಿದ್ದೆಯಲ್ಲ, ಅದೇ. ಯಾವ ಎಲೆ ಬಂದರೂ ಮುಂದೆ ತಳ್ಳುತ್ತಿದ್ದೆ. ನಾನು ಕಾದೆ. ಇಪ್ಪತ್ತು ನಿಮಿಷ ಎಲೆ ಕೆಳಗಿಡುತ್ತಾ ಕಾದು, ಎರಡು ಎಕ್ಕ ಬಂದ ಕೂಡಲೇ ನಿನ್ನ ಮುಂದಿದ್ದ ಬಿಲ್ಲೆಯೆಲ್ಲವನ್ನೂ ತೆಗೆದುಕೊಂಡೆ.

ಆಗ ನನಗೆ ಸಂತೋಷವಾಯಿತು, ಪ್ರತೀಕ. ಇದನ್ನು ಮುಚ್ಚಿಡುವುದಿಲ್ಲ. ಅಪ್ಪ ಹೋದ ಮೇಲೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ನಿನ್ನ ಕುರ್ಚಿ ಖಾಲಿಯಾದದ್ದನ್ನು ನೋಡುತ್ತಾ ಕೂತಿದ್ದೆ. ಗಂಟೆ ಹೊಡೆಯಿತು. ಸಂಜೆ ವಹಿಯಲ್ಲಿ ಬರೆಯಲು ಕೂತರೆ ಆಟದಲ್ಲಿ ತಪ್ಪೇನೂ ಸಿಗಲಿಲ್ಲ. ಆದರೆ ಬರೆಯುತ್ತಿರುವವಳು ಯಾರೆಂದು ನನಗೆ ಗುರುತು ಸಿಗಲಿಲ್ಲ.

ಇನ್ನೂ ಐದಾರು ಸಲ ಹಾಗೇ ಮಾಡಿದೆ. ಜನವರಿಯಲ್ಲಿ ಒಂದು ದಿನ, ನೀನು ಸೋತು ಕುದಿಯುತ್ತಿರುವಾಗ, ಮೇಜಿನ ಮಾತಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಎದ್ದು ಹೋಗಿ ನೀರು ಕುಡಿದು ಬಾ. ನೀನ್ಯಾರು ಹೇಳಲಿಕ್ಕೆ ಎಂದು ಬರೆದೆ ನೀನು. ನಿನ್ನಂತೆಯೇ ಸೋತವನು ಅಂದೆ. ನೀನು ಎದ್ದು ಹೋದೆ. ಹತ್ತು ನಿಮಿಷದ ಮೇಲೆ ಬಂದು, ಥ್ಯಾಂಕ್ಸ್ ಸರ್ ಅಂದೆ.

ಅಲ್ಲಿಂದ ಎಂಟು ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು. ನನಗೆ ತಿಳಿದದ್ದನ್ನೆಲ್ಲ ನಿನಗೆ ಹೇಳಿದೆ. ಕೆಳಗಿನ ಮೇಜಿಗೆ ಇಳಿ, ಅವಮಾನವೇನಿಲ್ಲ ಅಂದೆ, ನೀನು ಇಳಿದೆ. ಎರಡು ದೊಡ್ಡ ಸೋಲಾದರೆ ಅವತ್ತಿಗೆ ಮುಚ್ಚು ಅಂದೆ, ಮುಚ್ಚಿದೆ. ವಹಿ ಇಡು ಅಂದಾಗ ನಕ್ಕೆ, ಆಮೇಲೆ ಇಟ್ಟೆ. ಪ್ರತಿ ಸೋಮವಾರ ಮೂರು ಪ್ರಶ್ನೆ ತರುತ್ತಿದ್ದೆ. ಎರಡನೆಯ ಇಯತ್ತೆಯಲ್ಲಿ ಹದಿಮೂರರ ಮಗ್ಗಿ ಬರದೆ ನನ್ನ ತೊಡೆಯ ಮೇಲೆ ಮಲಗಿ ಒಪ್ಪಿಸುತ್ತಿದ್ದವನು ನೀನು. ಸರ್, ನೀವು ಯಾವ ಊರಿನವರು ಎಂದು ಕೇಳಿದಾಗ ಇಂಡಿಯಾ ಎಂದಷ್ಟೇ ಹೇಳಿದೆ. ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದೆ ನೀನು. ಒಬ್ಬ ತಮ್ಮ ಇದ್ದಾನೆ ಎಂದು ಬರೆದು, ಕಳಿಸದೆ ಅಳಿಸಿದೆ. ಜುಲೈ ಹೊತ್ತಿಗೆ ನಿನ್ನ ಆಟ ನೋಡಲು ಚಂದವಾಗಿತ್ತು. ಸೋತರೂ ಮುಂದಿನ ಎಲೆಯನ್ನು ಅಷ್ಟೇ ತಾಳ್ಮೆಯಿಂದ ಆಡುತ್ತಿದ್ದೆ. ಒಂದು ದಿನ ನನ್ನ ಬಿಲ್ಲೆಯನ್ನೆಲ್ಲ ನೀನೇ ಗೆದ್ದೆ, ಒಂದು ತಪ್ಪೂ ಇಲ್ಲದೆ. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ.

ಆಗಸ್ಟ್ ೨೫, ಸೋಮವಾರ. ಮೇಜಿನಲ್ಲಿ ನಾವಿಬ್ಬರೇ ಉಳಿದಿದ್ದೆವು. ನೀನು ಆಟ ನಿಲ್ಲಿಸಿ ಬರೆದೆ. ಸರ್, ನಿಮಗೊಂದು ಹೇಳಬೇಕು, ಇಷ್ಟು ದಿನ ಯಾರಿಗೂ ಹೇಳಿಲ್ಲ. ನನ್ನ ತಂದೆ ಸಾಯುವಾಗ ನಾನು ಪಕ್ಕದ ಕೋಣೆಯಲ್ಲಿ ಆಡುತ್ತಿದ್ದೆ. ನನಗೆ ಕೇಳಿಸಲಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಕೇಳಿಸಿತ್ತು. ಒಮ್ಮೆ ಕರೆದರು. ನೀರಿಗಿರಬೇಕು ಅಂದುಕೊಂಡೆ. ಕೈಯಲ್ಲಿ ಎರಡು ರಾಜ ಇದ್ದವು. ಇದೊಂದು ಮುಗಿಸಿ ಹೋದರಾಯಿತು ಅಂದೆ. ಮುಗಿದ ಮೇಲೆ ಮರೆತೆ. ನನ್ನ ಅಕ್ಕ ಹೇಳಿದ್ದು ಖರೆ ಇತ್ತು.

ಸಾಲು ಸಾಲಾಗಿ ಬರುತ್ತಿದ್ದುದನ್ನು ನೋಡುತ್ತಾ ಕೂತಿದ್ದೆ. ಏನಾದರೂ ಬರೆಯಬೇಕಿತ್ತು. ಗೋಡೆಯಲ್ಲಿದ್ದ ಸ್ವಿಚ್ಚನ್ನು ಆರಿಸಿಬಿಟ್ಟೆ.

ನಾಲ್ಕು ದಿನ ಆ ಕೋಣೆಗೆ ಹೋಗಲಿಲ್ಲ. ಐದನೆಯ ದಿನ ತೆಗೆದು ನೋಡಿದರೆ ನೀನು ಅದೇ ಮೇಜಿನಲ್ಲಿ ಆಡದೆ ಸುಮ್ಮನೆ ಕೂತಿದ್ದೆ. ನನ್ನ ಹೆಸರು ಕಂಡೊಡನೆ ಬರೆದೆ: ಸರ್, ನಾನು ಹೇಳಿದ್ದರಿಂದ ನಿಮಗೆ ಅಸಹ್ಯವಾಯಿತೆ? ನಾನು ಮತ್ತೆ ಆರಿಸಿದೆ. ಅದು ಎರಡನೆಯ ಸಲ.

ಆಮೇಲೆ ನಿನ್ನ ಹೆಸರು ಯಾವ ಮೇಜಿನಲ್ಲೂ ಸಿಗಲಿಲ್ಲ. ಹತ್ತು ದಿನ ಹುಡುಕಿದೆ. ಹೋದ ಶುಕ್ರವಾರ ದುರ್ಗೇಶನಿಗೆ ಫೋನು ಮಾಡಿದೆ. ಅವನು ಮೊದಲು ಹೇಳಲು ಒಲ್ಲೆ ಅಂದ, ಆಮೇಲೆ ಹೇಳಿದ. "ಕಂಪ್ಯೂಟರ್ ಮಾರಿದಾನ್ರಿ ಅಕ್ಕಾರ. ಖೋಲಿ ಬಿಟ್ಟು ಕೆಳಗ ಇಳಿಯಂಗಿಲ್ಲ. ಊಟ ಇಟ್ಟು ಬಂದ್ರ ಹಂಗ ಇರತೈತಿ. ಯಾರೋ ಒಬ್ಬರು ಸರ್ ಇದ್ರಂತ, ಅವರೂ ಬಿಟ್ಟರು ಅಂತಾನ್ರಿ" ಅಂದ. ನಾನು ಹಾಂ ಹಾಂ ಅಂದು ಫೋನಿಟ್ಟೆ.

ಆ ಸರ್ ನಿನ್ನನ್ನು ಬಿಟ್ಟಿಲ್ಲ. ನಿನ್ನ ಮಾತಿನಿಂದ ಅವರಿಗೆ ಅಸಹ್ಯವೂ ಆಗಲಿಲ್ಲ. ಅವರಿಗೆ ಮಾತು ಬರಲಿಲ್ಲ, ಅಷ್ಟೇ. ಒಬ್ಬನೇ ತಮ್ಮನನ್ನು ನಾಲ್ಕು ಮಂದಿಯೆದುರು ಕೊಲೆಗಾರ ಎಂದವಳಿಗೆ ಆ ಗಳಿಗೆಯಲ್ಲಿ ಯಾವ ಭಾಷೆ ಬರಬೇಕಿತ್ತು.

ಈಗ ನನ್ನ ವಹಿಯ ಪದ್ಧತಿಯಲ್ಲೇ ಹೇಳುತ್ತೇನೆ, ನೀನು ಇದಕ್ಕೆ ಒಪ್ಪುತ್ತೀಯ. ಕೊನೆಗೆ ಏನಾಯಿತು ಎಂಬುದನ್ನು ಮುಚ್ಚು. ಅಪ್ಪ ಕರೆದ ಗಳಿಗೆಯಲ್ಲಿ ನಿನಗೇನು ಗೊತ್ತಿತ್ತು? ಅವರು ದಿನಕ್ಕೆ ಇಪ್ಪತ್ತು ಸಲ ಕರೆಯುತ್ತಿದ್ದರು, ನೀರಿಗೆ, ಪೇಪರಿಗೆ, ಫ್ಯಾನಿಗೆ. ಹಿಂದಿನ ದಿನ ಚೆನ್ನಾಗಿ ಉಂಡಿದ್ದರು. ಅವರಿಗೆ ಅಂದು ಏನಾದರೂ ಆಗುತ್ತಿದೆ ಎಂದು ನಿನಗೆ ಯಾರೂ ಹೇಳಿರಲಿಲ್ಲ. ಎದ್ದು ಹೋಗಬೇಕಿತ್ತು, ಖರೆ. ಆಲಸ್ಯ ಮಾಡಿದೆ. ಅದು ಆಲಸ್ಯ, ಕೊಲೆಯಲ್ಲ. ಎದ್ದು ಹೋಗಿದ್ದರೂ ಆಗುವುದು ಆಗುತ್ತಿತ್ತು ಎಂದು ಡಾಕ್ಟರು ಅಂದೇ ನನಗೆ ಹೇಳಿದ್ದರು. ಅದನ್ನೂ ನಿನಗೆ ತಿಳಿಸಲಿಲ್ಲ ನಾನು.

ನಾನು ಆ ಆಟ ಬಿಟ್ಟಿದ್ದೇನೆ. ನಿನಗೆ ಬಿಡು ಎನ್ನುವ ಬಾಯಿ ನನಗಿಲ್ಲ. ನೀನು ಕಲಿತದ್ದು ಕೆಟ್ಟದ್ದೆಂದೂ ಅನ್ನಲಾರೆ, ಸೋತ ಮೇಲೆ ಕವಡೆ ಎಸೆಯದೆ ಕೂಡುವುದನ್ನು ಅಲ್ಲೇ ಅಲ್ಲವೇ ನಾವಿಬ್ಬರೂ ಕಲಿತದ್ದು. ಆದರೆ ಉಣ್ಣು. ದುರ್ಗೇಶ ಇಟ್ಟ ತಾಟನ್ನು ಹಾಗೇ ಕಳಿಸಬೇಡ. ರವಿವಾರ ಹನ್ನೊಂದರ ಬಸ್ಸಿಗೆ ಹುಕ್ಕೇರಿಗೆ ಬರುತ್ತೇನೆ. ಅಂಗಡಿಯ ಮುಂದೆ ನಿಂತಿರುತ್ತೇನೆ, ಮೇಲೆ ಹತ್ತುವುದಿಲ್ಲ. ನೀನು ಕೆಳಗಿಳಿದು ಬರದಿದ್ದರೆ ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ. ಮುಂದಿನ ರವಿವಾರ ಮತ್ತೆ ಬರುತ್ತೇನೆ.

ನಿನ್ನ ಅಕ್ಕ,
ತ್ರಿಶಲಾ

ತಾ.ಕ.: ಇಷ್ಟು ಬರೆದು ಅಂಟು ಹಚ್ಚಿದ್ದೆ. ಪೋಸ್ಟಿನ ಡಬ್ಬಿಯವರೆಗೆ ಹೋಗಿ ತಿರುಗಿ ಬಂದು ಲಕೋಟೆ ಬಿಚ್ಚಿದ್ದೇನೆ. ಆ ಸೋಮವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ನನ್ನನ್ನು ಹತ್ತಿರ ಕರೆದರು. "ತ್ರಿಶಲಾ, ಎದಿ ಯಾಕೋ ಹಿಡದಂಗ ಆಗೇತಿ. ಇವತ್ತೊಂದಿನ ಸಾಲಿಗೆ ಹೋಗಬ್ಯಾಡ" ಅಂದರು. "ಪರೀಕ್ಷಾ ಐತಿ ಅಪ್ಪಾ, ವಾಯು ಆಗಿರಬೇಕು" ಅಂದು ಓಂಕಾಳಿನ ನೀರು ಕೊಟ್ಟೆ. ಅವರ ಹಣೆ ಬೆವತಿತ್ತು. ನೋಡಿದೆ. ಆಮೇಲೆ ನಿನ್ನ ಬಾಗಿಲಿಗೆ ಬಂದು ಗುಳಿಗೆಯ ಮಾತಷ್ಟೇ ಹೇಳಿದೆ. ಅವರು ಅಂದದ್ದನ್ನು ನಿನಗೆ ಹೇಳಬೇಕು ಎಂದು ಮನಸ್ಸಿಗೆ ಬಂದಿತ್ತು. ಬಸ್ಸಿನ ಹೊತ್ತಾಗಿತ್ತು.